ಕಾಣುವುದು ಮತ್ತು ಅಳೆಯುವುದು: ಉದ್ದದ ಸಂಕೋಚನದ ವಿವರಣೆಗಳ ಒಂದು ವಿಮರ್ಶೆ

1

ವಿಶೇಷ ಸಾಪೇಕ್ಷ ಸಿದ್ಧಾಂತವನ್ನು ಪರಿಚಯಿಸುವ ಜನಪ್ರಿಯ ಬರಹಗಳಲ್ಲಿ, ಅವು ಯಾವ ಭಾಷೆಯವೇ ಆಗಿರಲಿ, ಒಂದು ವಾಕ್ಯ ಹೆಚ್ಚುಕಡಿಮೆ ತಪ್ಪದೆ ಬರುತ್ತದೆ. ಅದರ ಕನ್ನಡ ರೂಪವನ್ನು ಹೀಗೆ ಸಂಗ್ರಹಿಸಬಹುದು: ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಚಲಿಸುವ ವಸ್ತು ಚಲನೆಯ ದಿಕ್ಕಿನಲ್ಲಿ ಕುಗ್ಗಿದಂತೆ ವೀಕ್ಷಕನಿಗೆ ಕಾಣುತ್ತದೆ. ಮೇಲುನೋಟಕ್ಕೆ ಈ ವಾಕ್ಯದಲ್ಲಿ ದೋಷವೇನೂ ಇದ್ದಂತಿಲ್ಲ. ಸೂತ್ರದ ಸಾರ ಅದರಲ್ಲಿ ಬಂದಿದೆ. ಓದುಗನಿಗೆ ಒಂದು ಚಿತ್ರವೂ ದೊರೆಯುತ್ತದೆ. ಆದರೆ ವಾಕ್ಯವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳು ಅಡಗಿರುವುದು ಗೊತ್ತಾಗುತ್ತದೆ. 'ಕುಗ್ಗು' ಎಂಬ ಕ್ರಿಯಾಪದ ವಸ್ತುವಿನಲ್ಲೇ ಒಂದು ಬದಲಾವಣೆ ನಡೆಯಿತೆಂದು ಹೇಳುತ್ತದೆ. 'ಅಂತೆ' ಎಂಬ ಪ್ರತ್ಯಯ ಆ ಬದಲಾವಣೆ ನಿಜವಲ್ಲ, ಬರಿಯ ತೋರಿಕೆ ಎಂದು ಸೂಚಿಸುತ್ತದೆ. 'ಕಾಣುತ್ತದೆ' ಎಂಬುದು ಇದೆಲ್ಲವೂ ಕಣ್ಣಿನ ಅನುಭವ ಎನ್ನುತ್ತದೆ. ಮೊದಲನೆಯದು ಎರಡನೆಯದನ್ನು ಅಲ್ಲಗಳೆಯುತ್ತದೆ. ಮೂರನೆಯದು ಭೌತವಿಜ್ಞಾನದ ದೃಷ್ಟಿಯಿಂದ ಸರಿಯಲ್ಲ.

ಪ್ರಸ್ತುತ ಲೇಖನದ ಉದ್ದೇಶ ಈ ಮೂರು ಪದಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಇದು ಕೇವಲ ಭಾಷಾಶುದ್ಧಿಯ ಪ್ರಶ್ನೆಯಲ್ಲ. ಸಾಪೇಕ್ಷ ಸಿದ್ಧಾಂತದಲ್ಲಿ ಗಣಿತ ಅಷ್ಟೇನೂ ಕಠಿಣವಲ್ಲ. ಪದವಿಪೂರ್ವ ತರಗತಿಯ ಬೀಜಗಣಿತ ಬಲ್ಲವರು ಉದ್ದದ ಸಂಕೋಚನದ ಸೂತ್ರವನ್ನು ಸಾಧಿಸಬಲ್ಲರು. ಕಠಿಣವಾದದ್ದು ಸೂತ್ರದಲ್ಲಿ ಬರುವ 'ಉದ್ದ' ಎಂಬ ಪದದ ಅರ್ಥ. ಆ ಅರ್ಥವನ್ನು ಓದುಗನಿಗೆ ತಲುಪಿಸುವ ಹೊಣೆ ಗಣಿತದ್ದಲ್ಲ, ಗದ್ಯದ್ದು. ಬೆಳ್ಳಾವೆ ವೆಂಕಟನಾರಣಪ್ಪನವರ ಕಾಲದ 'ವಿಜ್ಞಾನ' ಮಾಸಪತ್ರಿಕೆಯಿಂದ ಮೊದಲುಗೊಂಡು ಕನ್ನಡದ ವಿಜ್ಞಾನ ಗದ್ಯ ಒಂದು ಶತಮಾನವನ್ನು ದಾಟಿ ಬಂದಿದೆ. ಪಾರಿಭಾಷಿಕ ಪದಗಳ ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಕ್ರಿಯಾಪದಗಳ ಕುರಿತು ಅಷ್ಟಾಗಿ ಆಗಿಲ್ಲ. ಉದ್ದದ ಸಂಕೋಚನದಲ್ಲಿ ತಪ್ಪು ತಿಳಿವಳಿಕೆ ನುಸುಳುವುದು ನಾಮಪದಗಳ ಮೂಲಕವಲ್ಲ, ಕ್ರಿಯಾಪದಗಳ ಮೂಲಕ.

2

ಮೊದಲು 'ಕುಗ್ಗು' ಎಂಬುದನ್ನು ನೋಡೋಣ. ಈ ಪದಕ್ಕೆ ಚಾರಿತ್ರಿಕ ಹಿನ್ನೆಲೆಯೊಂದಿದೆ. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಅವರು, ಈಥರ್ ಎಂಬ ಮಾಧ್ಯಮದ ಮೂಲಕ ಭೂಮಿ ಸಾಗುವ ವೇಗವನ್ನು ಬೆಳಕಿನ ನೆರವಿನಿಂದ ಪತ್ತೆಹಚ್ಚಲು ಯತ್ನಿಸಿದರು. ನಿರೀಕ್ಷಿಸಿದ ಫಲ ದೊರೆಯಲಿಲ್ಲ. 1889ರಲ್ಲಿ ಡಬ್ಲಿನ್ನಿನ ಫಿಟ್ಸ್‌ಜೆರಾಲ್ಡ್, 1892ರಲ್ಲಿ ಲೈಡನ್ನಿನ ಲೊರೆಂಟ್ಸ್ ಪರಸ್ಪರ ಸ್ವತಂತ್ರವಾಗಿ ಒಂದೇ ಪರಿಹಾರವನ್ನು ಸೂಚಿಸಿದರು: ಈಥರಿನಲ್ಲಿ ಚಲಿಸುವ ಘನವಸ್ತು ಚಲನೆಯ ದಿಕ್ಕಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಮೋಟಾಗುತ್ತದೆ. ಅಣುಗಳನ್ನು ಹಿಡಿದಿಡುವ ಬಲಗಳೂ ವಿದ್ಯುದ್ಬಲಗಳಂತೆಯೇ ಚಲನೆಯಿಂದ ಪ್ರಭಾವಿತವಾಗುವುದಾದರೆ ಇದು ಸಹಜವೆಂಬುದು ಅವರ ವಾದ. ಪ್ರಮಾಣ ಎಷ್ಟು ಅಲ್ಪವೆಂಬುದಕ್ಕೆ ಒಂದು ಲೆಕ್ಕ ಸಾಕು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಇದು ಬೆಳಕಿನ ವೇಗದ ಹತ್ತು ಸಾವಿರದಲ್ಲೊಂದು ಪಾಲು. ಸೂತ್ರದ ಪ್ರಕಾರ ಸುಮಾರು 12,740 ಕಿಲೋಮೀಟರ್ ವ್ಯಾಸದ ಭೂಮಿಗೆ ಆಗುವ ವ್ಯತ್ಯಾಸ 6 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ.

ಫಿಟ್ಸ್‌ಜೆರಾಲ್ಡ್ ಮತ್ತು ಲೊರೆಂಟ್ಸ್ ಅವರ ಮಟ್ಟಿಗೆ 'ಕುಗ್ಗು' ಎಂಬುದು ಸರಿಯಾದ ಪದವೇ. ಅವರ ಚಿತ್ರದಲ್ಲಿ ನಿಶ್ಚಲವಾದ ಈಥರ್ ಒಂದಿದೆ. ಅದರಲ್ಲಿ ಚಲಿಸುವ ವಸ್ತು ಮಾತ್ರ ಕುಗ್ಗುತ್ತದೆ. ನಿಂತ ವಸ್ತು ಕುಗ್ಗುವುದಿಲ್ಲ. 1905ರಲ್ಲಿ ಐನ್‌ಸ್ಟೈನ್ ಮಾಡಿದ್ದು ಸೂತ್ರದ ಬದಲಾವಣೆಯಲ್ಲ, ಅರ್ಥದ ಬದಲಾವಣೆ. ಆ ವರ್ಷದ ಪ್ರಬಂಧದ ಎರಡನೆಯ ವಿಭಾಗದಲ್ಲಿ ಅವರು ಚಲಿಸುವ ಕೋಲಿನ ಉದ್ದವನ್ನು ಅಳೆಯುವ ಎರಡು ವಿಧಾನಗಳನ್ನು ಬೇರ್ಪಡಿಸುತ್ತಾರೆ. ಕೋಲಿನ ಜೊತೆಯಲ್ಲೇ ಚಲಿಸುತ್ತ ಅಳತೆಪಟ್ಟಿಯನ್ನು ಅದಕ್ಕೆ ತಾಗಿಸಿ ಅಳೆಯುವುದು ಒಂದು. ನೆಲದ ಮೇಲೆ ಅಲ್ಲಲ್ಲಿ ಹೊಂದಿಸಿಟ್ಟ ಗಡಿಯಾರಗಳ ನೆರವಿನಿಂದ, ಒಂದೇ ಕ್ಷಣದಲ್ಲಿ ಕೋಲಿನ ಎರಡು ತುದಿಗಳು ನೆಲದ ಯಾವ ಬಿಂದುಗಳಲ್ಲಿದ್ದವೆಂದು ಗುರುತಿಸಿ, ಆ ಬಿಂದುಗಳ ನಡುವಣ ಅಂತರವನ್ನು ಅಳೆಯುವುದು ಇನ್ನೊಂದು. ಈ ಎರಡೂ ಒಂದೇ ಉತ್ತರ ಕೊಡಬೇಕೆಂದು ನಾವು ತಿಳಿದುಕೊಂಡು ಬಂದಿದ್ದೇವೆ. ಅದಕ್ಕೆ ಆಧಾರವಿಲ್ಲವೆಂದು ಅವರು ತೋರಿಸಿದರು. ಎರಡನೆಯ ವಿಧಾನದಲ್ಲಿ ಬರುವ 'ಒಂದೇ ಕ್ಷಣ' ಎಂಬ ಮಾತು ಎಲ್ಲರಿಗೂ ಸಮಾನವಲ್ಲ ಎಂಬುದೇ ಅದಕ್ಕೆ ಕಾರಣ.

ಇದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಜೊತೆಯಲ್ಲಿ ಸಾಗುವವರ ಅಳತೆಗೆ 10 ಮೀಟರ್ ಉದ್ದವಿರುವ ಕೋಲೊಂದು ನೆಲಕ್ಕೆ ಸಮಾನಾಂತರವಾಗಿ ಬೆಳಕಿನ ವೇಗದ 0.6ರಷ್ಟು ವೇಗದಲ್ಲಿ ಸಾಗುತ್ತಿದೆ ಎನ್ನೋಣ. 0.6ರ ವರ್ಗ 0.36, ಅದನ್ನು 1ರಿಂದ ಕಳೆದರೆ 0.64, ಅದರ ವರ್ಗಮೂಲ 0.8. ಹೀಗಾಗಿ ನೆಲದವರ ಅಳತೆಗೆ ಕೋಲಿನ ಉದ್ದ 8 ಮೀಟರ್. ಅವರು ಮಾಡುವುದಿಷ್ಟೆ: ತಮ್ಮ ಗಡಿಯಾರಗಳ ಪ್ರಕಾರ ಒಂದೇ ಕ್ಷಣದಲ್ಲಿ ಕೋಲಿನ ಮುಂತುದಿಯ ಕೆಳಗೊಂದು, ಹಿಂತುದಿಯ ಕೆಳಗೊಂದು ಗೆರೆಯನ್ನು ನೆಲದ ಮೇಲೆ ಎಳೆಯುತ್ತಾರೆ. ಗೆರೆಗಳ ನಡುವಣ ಅಂತರ 8 ಮೀಟರ್.

ಇದೇ ಘಟನೆಯನ್ನು ಕೋಲಿನ ಜೊತೆ ಸಾಗುವವರು ಹೇಗೆ ವಿವರಿಸುತ್ತಾರೆ? ಅವರ ಪ್ರಕಾರ ನೆಲದವರು ಗೆರೆಗಳನ್ನು ಒಟ್ಟಿಗೆ ಎಳೆಯಲೇ ಇಲ್ಲ. ಮುಂತುದಿಯ ಗೆರೆಯನ್ನು ಮೊದಲು ಎಳೆದರು. 20 ನ್ಯಾನೋಸೆಕೆಂಡುಗಳ ತರುವಾಯ ಹಿಂತುದಿಯ ಗೆರೆಯನ್ನು ಎಳೆದರು. ಈ ನಡುವೆ ನೆಲ, ಅವರ ಪಾಲಿಗೆ, 0.6ರ ವೇಗದಲ್ಲಿ ಹಿಂದಕ್ಕೆ ಸರಿಯುತ್ತಲೇ ಇತ್ತು. 20 ನ್ಯಾನೋಸೆಕೆಂಡುಗಳಲ್ಲಿ ಬೆಳಕು ಸಾಗುವುದು 6 ಮೀಟರ್. ನೆಲ ಸರಿದದ್ದು 3.6 ಮೀಟರ್. ಹೀಗಾಗಿ ಎರಡನೆಯ ಗೆರೆ ಬೀಳುವ ಹೊತ್ತಿಗೆ ಮೊದಲ ಗೆರೆ ಕೋಲಿನ ಮುಂತುದಿಯಿಂದ 3.6 ಮೀಟರ್ ಹಿಂದಕ್ಕೆ ಬಂದಿತ್ತು. ಗೆರೆಗಳ ಅಂತರ 10ರಲ್ಲಿ 3.6 ಕಳೆದು 6.4 ಮೀಟರ್. ಇನ್ನು ನೆಲವೇ ಚಲಿಸುತ್ತಿರುವುದರಿಂದ ನೆಲದ ಮೇಲಿನ 8 ಮೀಟರ್ ಅಂತರ ಅವರ ಅಳತೆಗೆ 8ರ 0.8ರಷ್ಟು, ಅಂದರೆ 6.4 ಮೀಟರ್ ಆಗಬೇಕು. ಎರಡು ದಾರಿಯಿಂದ ಬಂದ ಲೆಕ್ಕ ಒಂದೇ ಆಯಿತು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೋಲನ್ನು ಯಾರೂ ಅದುಮಲಿಲ್ಲ. ಅದಕ್ಕೆ ಏನೂ ಆಗಲಿಲ್ಲ. ವ್ಯತ್ಯಾಸವೆಲ್ಲವೂ ಎರಡು ತುದಿಗಳನ್ನು 'ಒಟ್ಟಿಗೆ' ಗುರುತಿಸುವುದೆಂದರೇನು ಎಂಬುದರಲ್ಲಿದೆ. ವಿದ್ಯಾರ್ಥಿಗಳನ್ನು ಕಾಡುವ ಪ್ರಸಿದ್ಧ ಕೊಟ್ಟಿಗೆಯ ಸಮಸ್ಯೆಯೂ ಇದೇ ಲೆಕ್ಕ. 8 ಮೀಟರಿನ ಕೊಟ್ಟಿಗೆಯಲ್ಲಿ 10 ಮೀಟರಿನ ಗಳು ಒಂದು ಕ್ಷಣ ಹಿಡಿಯುತ್ತದೆ, ಎರಡೂ ಬಾಗಿಲುಗಳನ್ನು ಆ ಕ್ಷಣ ಮುಚ್ಚಿ ತೆರೆಯಬಹುದು ಎಂದು ನೆಲದವರು ಹೇಳುತ್ತಾರೆ. ಗಳುವಿನ ಜೊತೆಯವರಿಗೆ ಕೊಟ್ಟಿಗೆಯೇ 6.4 ಮೀಟರ್, ಅವರ ಪ್ರಕಾರ ಮುಂದಿನ ಬಾಗಿಲು ಮುಚ್ಚಿ ತೆರೆದು 20 ನ್ಯಾನೋಸೆಕೆಂಡುಗಳಾದ ಮೇಲೆ ಹಿಂದಿನ ಬಾಗಿಲು ಮುಚ್ಚಿತು. ಗಳು ಯಾವ ಬಾಗಿಲಿಗೂ ತಗುಲಲಿಲ್ಲ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಸಮಸ್ಯೆಯನ್ನು ವಿರೋಧಾಭಾಸವೆಂದು ಮಂಡಿಸಿ ಓದುಗನನ್ನು ಬೆರಗುಗೊಳಿಸುವ ಬರಹಗಳು ಅನೇಕ. 20 ನ್ಯಾನೋಸೆಕೆಂಡುಗಳ ಲೆಕ್ಕ ಕೊಡುವವು ಕೆಲವೇ. ಬೆರಗು ಉಳಿಯುತ್ತದೆ, ತಿಳಿವು ಉಳಿಯುವುದಿಲ್ಲ.

1908ರಲ್ಲಿ ಕೊಲೋನ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ ಮಿಂಕೋವ್ಸ್ಕಿ ಈ ವಿಚಾರಕ್ಕೆ ಜ್ಯಾಮಿತಿಯ ರೂಪ ಕೊಟ್ಟರು. ಕೋಲು ದೇಶದಲ್ಲಿರುವ ಒಂದು ರೇಖೆಯಷ್ಟೇ ಅಲ್ಲ. ದೇಶಕಾಲದಲ್ಲಿ ಅದು ಒಂದು ಪಟ್ಟಿ. ಉದ್ದವನ್ನು ಅಳೆಯುವುದೆಂದರೆ ಆ ಪಟ್ಟಿಯನ್ನು ಅಡ್ಡಲಾಗಿ ಕೊಯ್ಯುವುದು. ಬಾಳೆದಿಂಡನ್ನು ನೇರವಾಗಿ ಕೊಯ್ದರೆ ಒಂದು ಅಗಲ, ಓರೆಯಾಗಿ ಕೊಯ್ದರೆ ಇನ್ನೊಂದು ಅಗಲ ಬರುತ್ತದೆ; ಹಾಗೆಂದು ದಿಂಡು ಬದಲಾಗಿದೆ ಎಂದು ಯಾರೂ ಹೇಳುವುದಿಲ್ಲ. ಹೋಲಿಕೆಯ ಮಿತಿಯನ್ನೂ ಹೇಳಿಬಿಡಬೇಕು: ದಿಂಡಿನಲ್ಲಿ ಓರೆ ಕೊಯ್ತ ದೊಡ್ಡದು, ದೇಶಕಾಲದ ಜ್ಯಾಮಿತಿಯಲ್ಲಿ ಕಾಲದ ಪದದ ಚಿಹ್ನೆ ವಿರುದ್ಧವಾಗಿರುವುದರಿಂದ ಓರೆ ಕೊಯ್ತ ಚಿಕ್ಕದು. ಕೋಲಿನ ಸ್ವಂತ ಚೌಕಟ್ಟಿನಲ್ಲಿ ದೊರೆಯುವ ಉದ್ದವೇ ಎಲ್ಲಕ್ಕಿಂತ ದೊಡ್ಡದಾಗುವುದು ಈ ಕಾರಣದಿಂದ.

'ಕುಗ್ಗು' ಎಂಬ ಪದದ ತೊಡಕು ಈಗ ಸ್ಪಷ್ಟವಾಗುತ್ತದೆ. ಮೊದಲು ದೊಡ್ಡದಾಗಿದ್ದದ್ದು ಆಮೇಲೆ ಚಿಕ್ಕದಾಯಿತು ಎಂಬ ಕಾಲಕ್ರಮ ಆ ಕ್ರಿಯಾಪದದಲ್ಲೇ ಇದೆ. ಬಟ್ಟೆ ನೀರಿಗೆ ಬಿದ್ದು ಕುಗ್ಗುತ್ತದೆ, ಲೋಹ ತಣಿದು ಕುಗ್ಗುತ್ತದೆ. ಸದಾಕಾಲ ಒಂದೇ ವೇಗದಲ್ಲಿ ಸಾಗುತ್ತಿರುವ ಕೋಲಿಗೆ ಮೊದಲು, ಆಮೇಲೆ ಎಂಬುದಿಲ್ಲ. ಇನ್ನು ಕೋಲಿನ ಜೊತೆಯವರು ನೆಲದ ಮೇಲಿನ 10 ಮೀಟರ್ ಕೋಲನ್ನು ಅಳೆದರೆ ಅವರಿಗೂ 8 ಮೀಟರೇ ಬರುತ್ತದೆ. ಎರಡು ಬಟ್ಟೆಗಳಲ್ಲಿ ಪ್ರತಿಯೊಂದೂ ಇನ್ನೊಂದಕ್ಕಿಂತ ಹೆಚ್ಚು ಕುಗ್ಗಿರಲು ಸಾಧ್ಯವಿಲ್ಲ. ಎರಡು ಅಳತೆಗಳಲ್ಲಿ ಪ್ರತಿಯೊಂದೂ ಇನ್ನೊಂದು ಕೋಲಿಗೆ ಕಡಿಮೆ ಉದ್ದ ಕೊಡಲು ಅಡ್ಡಿಯಿಲ್ಲ.

3

ಎರಡನೆಯ ಪದ 'ಕಾಣುತ್ತದೆ'. ಜನಪ್ರಿಯ ವಿಜ್ಞಾನದಲ್ಲಿ ಈ ಪದದ ಪ್ರಭಾವಕ್ಕೆ ಜಾರ್ಜ್ ಗ್ಯಾಮೋವ್ ಅವರ ಮಿಸ್ಟರ್ ಟಾಂಪ್ಕಿನ್ಸ್ ಕಥೆಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. 1938ರಿಂದ 'ಡಿಸ್ಕವರಿ' ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟವಾಗಿ ಮುಂದೆ ಪುಸ್ತಕವಾದ ಈ ಕಥೆಗಳಲ್ಲಿ ಬ್ಯಾಂಕಿನ ಗುಮಾಸ್ತನೊಬ್ಬ ಬೆಳಕಿನ ವೇಗ ತೀರ ಕಡಿಮೆಯಿರುವ ಊರೊಂದರ ಕನಸು ಕಾಣುತ್ತಾನೆ. ಬೀದಿಯಲ್ಲಿ ಬರುವ ಸೈಕಲ್ ಸವಾರ ಅವನ ಕಣ್ಣಿಗೆ ಚಪ್ಪಟೆಯಾಗಿ ಕಾಣುತ್ತಾನೆ. ತಾನೇ ಸೈಕಲ್ ಹತ್ತಿದಾಗ ಬೀದಿಯ ಮನೆಗಳು ಚಪ್ಪಟೆಯಾಗುತ್ತವೆ. ಸಂಕೋಚನ ಪರಸ್ಪರವಾದದ್ದು ಎಂಬ ಕಠಿಣವಾದ ಅಂಶವನ್ನು ಒಂದು ಪುಟದೊಳಗೆ ಕಥೆಯಾಗಿಸಿದ್ದು ಗ್ಯಾಮೋವ್ ಅವರ ನಿಜವಾದ ಸಾಧನೆ. ಸೂತ್ರ ಮರೆತವರ ನೆನಪಿನಲ್ಲಿಯೂ ಆ ಚಪ್ಪಟೆ ಸವಾರ ಉಳಿಯುತ್ತಾನೆ. ಆದರೆ ಅಂಥ ಊರಿದ್ದಿದ್ದರೆ ಅಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಆ ಚಿತ್ರವಲ್ಲ.

ಕಾರಣ ಸರಳವಾದದ್ದು. ಕಣ್ಣು ಅಥವಾ ಕ್ಯಾಮೆರಾ ಹಿಡಿಯುವುದು ತನ್ನನ್ನು ಒಂದೇ ಕ್ಷಣದಲ್ಲಿ ತಲುಪಿದ ಬೆಳಕನ್ನು. ಒಂದೇ ಕ್ಷಣದಲ್ಲಿ ಹೊರಟ ಬೆಳಕನ್ನಲ್ಲ. ವಸ್ತುವಿನ ದೂರದ ಭಾಗದಿಂದ ಬರುವ ಬೆಳಕು ಮೊದಲೇ ಹೊರಟಿರಬೇಕು. ನಮ್ಮ 10 ಮೀಟರಿನ ಕೋಲು 0.6ರ ವೇಗದಲ್ಲಿ ನೇರವಾಗಿ ನಮ್ಮ ಕಡೆಗೇ ಬರುತ್ತಿದ್ದರೆ, ಅದರ ಹಿಂತುದಿಯ ಬೆಳಕು ಹೊರಟಾಗ ಕೋಲು ಇನ್ನೂ ಹಿಂದೆ ಇತ್ತು. 8 ಮೀಟರನ್ನು 0.4ರಿಂದ ಭಾಗಿಸಿದರೆ ಕಣ್ಣಿಗೆ ತೋರುವ ಉದ್ದ ದೊರೆಯುತ್ತದೆ: 20 ಮೀಟರ್. ಅದೇ ಕೋಲು ನಮ್ಮನ್ನು ದಾಟಿ ದೂರ ಸಾಗುವಾಗ 8ನ್ನು 1.6ರಿಂದ ಭಾಗಿಸಬೇಕು: 5 ಮೀಟರ್. ಬರುವಾಗ 20, ಹೋಗುವಾಗ 5. ಅಳತೆಗೆ ಉದ್ದಕ್ಕೂ 8. ಬರುವ ಕೋಲು ಕುಗ್ಗಿದಂತೆ ಕಾಣುವುದಿಲ್ಲ, ಎರಡು ಪಟ್ಟು ಹಿಗ್ಗಿದಂತೆ ಕಾಣುತ್ತದೆ. ಮೇಲೆ ಉದ್ಧರಿಸಿದ ವಾಕ್ಯ ಈ ಸಂದರ್ಭದಲ್ಲಿ ಅಸಮರ್ಪಕ ಮಾತ್ರವಲ್ಲ, ತಪ್ಪೇ ಆಗುತ್ತದೆ.

ಈ ಅಂಶ ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ ಎಂಬುದು ವಿಜ್ಞಾನದ ಚರಿತ್ರೆಯಲ್ಲಿ ವಿಚಾರಮಾಡಬೇಕಾದ ಸಂಗತಿ. 1924ರಲ್ಲಿ ಆಸ್ಟ್ರಿಯಾದ ಆಂಟೊನ್ ಲಾಂಪಾ ಚಲಿಸುವ ಕೋಲು ಕಣ್ಣಿಗೆ ಹೇಗೆ ತೋರುತ್ತದೆಂಬುದರ ಬಗೆಗೆ ಪ್ರಬಂಧವೊಂದನ್ನು ಬರೆದರು. ಅದು ಹೆಚ್ಚಿನ ಚರ್ಚೆಗೆ ಒಳಗಾಗಲಿಲ್ಲ. 1959ರಲ್ಲಿ ಬ್ರಿಟನ್ನಿನ ರೋಜರ್ ಪೆನ್‌ರೋಸ್ ಮತ್ತು ಅಮೆರಿಕದ ಜೇಮ್ಸ್ ಟೆರೆಲ್ ಬೇರೆ ಬೇರೆಯಾಗಿ ಪ್ರಕಟಿಸಿದ ಪ್ರಬಂಧಗಳು ಪ್ರಶ್ನೆಯನ್ನು ಮುನ್ನೆಲೆಗೆ ತಂದವು. ಚಲಿಸುವ ಗೋಳದ ಹೊರರೇಖೆ ಎಷ್ಟೇ ವೇಗದಲ್ಲಿಯೂ ವೃತ್ತವಾಗಿಯೇ ತೋರುತ್ತದೆಂದು ಪೆನ್‌ರೋಸ್ ಸಾಧಿಸಿದರು. ದೂರದಲ್ಲಿ ಅಡ್ಡಹಾಯುವ ಚಿಕ್ಕ ವಸ್ತು ಚಪ್ಪಟೆಯಾಗಿ ತೋರದೆ, ತಿರುಗಿ ನಿಂತಂತೆ ತೋರುತ್ತದೆಂದು ಟೆರೆಲ್ ತೋರಿಸಿದರು. ಐನ್‌ಸ್ಟೈನರ ಪ್ರಬಂಧಕ್ಕೂ ಇವಕ್ಕೂ ನಡುವೆ 54 ವರ್ಷಗಳ ಅಂತರವಿದೆ. ಗಣಿತ ಮೊದಲ ದಿನದಿಂದಲೂ ಕೈಯಲ್ಲಿತ್ತು. ಪ್ರಶ್ನೆ ಏಳದಂತೆ ತಡೆದದ್ದು ವಿವರಣೆಯ ಭಾಷೆಯೇ ಇರಬೇಕು ಎಂಬುದು ಈ ಲೇಖಕನ ಊಹೆ. ಸ್ವತಃ ಐನ್‌ಸ್ಟೈನ್ 1905ರ ಪ್ರಬಂಧದ ನಾಲ್ಕನೆಯ ವಿಭಾಗದಲ್ಲಿ, ಗೋಳ ಎಲಿಪ್ಸಾಯ್ಡ್ ಆಗುವುದನ್ನು ಹೇಳುವಾಗ, ನೋಡುವುದು, ತೋರುವುದು ಎಂಬರ್ಥದ ಜರ್ಮನ್ ಪದಗಳನ್ನೇ ಬಳಸಿದ್ದಾರೆ. ಎರಡನೆಯ ವಿಭಾಗವನ್ನು ಎಚ್ಚರದಿಂದ ಓದಿದವರಿಗೆ ಅಲ್ಲಿ ತೋರುವುದೆಂದರೆ ಅಳತೆಗೆ ಬರುವುದು ಎಂದು ತಿಳಿಯುತ್ತದೆ. ಆದರೆ ಪದ ತನ್ನ ನಿತ್ಯದ ಅರ್ಥವನ್ನು ಬಿಟ್ಟುಕೊಡುವುದಿಲ್ಲ.

ಟೆರೆಲ್ ಅವರ ನಿರೂಪಣೆಯನ್ನೂ ವಿಮರ್ಶೆಯಿಲ್ಲದೆ ಒಪ್ಪಲಾಗದು. ಲೊರೆಂಟ್ಸ್ ಸಂಕೋಚನದ ಅಗೋಚರತೆ ಎಂಬರ್ಥದ ತಲೆಬರಹವನ್ನು ಅವರು ಪ್ರಬಂಧಕ್ಕೆ ಕೊಟ್ಟರು. ಇದು ಅತಿಯಾಯಿತು. 0.6ರ ವೇಗದಲ್ಲಿ ಅಡ್ಡಹಾಯುವ ಘನಚೌಕವೊಂದನ್ನು ದೂರದಿಂದ ನೋಡಿದಾಗ ಎದುರುಮುಖದ ಅಗಲ 0.8ರಷ್ಟು ತೋರುತ್ತದೆ. ಅದರ ಹಿಂಬದಿಯ ಮುಖವೂ 0.6ರಷ್ಟು ಅಗಲವಾಗಿ ಕಾಣಸಿಗುತ್ತದೆ. ಅದರ ದೂರದ ಅಂಚಿನ ಬೆಳಕು ಹೊರಟ ಮೇಲೆ ಘನಚೌಕವೇ ದಾರಿ ಬಿಟ್ಟು ಮುಂದೆ ಸರಿದಿರುವುದು ಅದಕ್ಕೆ ಕಾರಣ. 0.8 ಮತ್ತು 0.6 ಸೇರಿದಾಗ ತಿರುಗಿಸಿಟ್ಟ ಘನಚೌಕದ ಚಿತ್ರ ದೊರೆಯುತ್ತದೆ. ಸಂಕೋಚನವೇ ಇಲ್ಲದಿದ್ದರೆ ಎದುರುಮುಖ ಪೂರ್ಣ ಅಗಲವಾಗಿ, ಅದರ ಪಕ್ಕಕ್ಕೆ 0.6ರಷ್ಟು ಸೇರಿ, ವಸ್ತು ಎಳೆದು ಹಿಗ್ಗಿಸಿದಂತೆ ತೋರುತ್ತಿತ್ತು. ಆದ್ದರಿಂದ ತಿರುಗಿದಂತೆ ತೋರುವುದರ ಒಳಗೇ ಸಂಕೋಚನವಿದೆ. ಅದು ಅಗೋಚರವಲ್ಲ, ಬೇರೊಂದು ಪರಿಣಾಮದೊಡನೆ ಬೆರೆತಿದೆ. 2025ರಲ್ಲಿ ವಿಯೆನ್ನಾದ ಸಂಶೋಧಕರು ಲೇಸರ್ ಸ್ಪಂದಗಳು ಮತ್ತು ಅತಿವೇಗದ ಕ್ಯಾಮೆರಾ ಬಳಸಿ, ಬೆಳಕಿನ ವೇಗ ಸೆಕೆಂಡಿಗೆ 2 ಮೀಟರಿಗೆ ಇಳಿದಂಥ ಪರಿಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿದರು. ಘನಚೌಕ ತಿರುಗಿದಂತೆ ತೋರಿತು. ಗೋಳ ಗೋಳವಾಗಿಯೇ ತೋರಿತು. ಆದರೆ ಅವರ ವಸ್ತುಗಳು ನಿಜವಾಗಿ ಬೆಳಕಿನ ವೇಗದ ಸಮೀಪಕ್ಕೆ ಹೋಗಲಿಲ್ಲವಾದ್ದರಿಂದ ಸಂಕೋಚನವನ್ನು ಅವರೇ ಒದಗಿಸಬೇಕಾಯಿತು, ಅಂದರೆ ವಸ್ತುಗಳನ್ನೇ ಚಪ್ಪಟೆಯಾಗಿ ತಯಾರಿಸಬೇಕಾಯಿತು. ಬೆಳಕು ತಡವಾಗಿ ತಲುಪುವುದು ಒಂದು, ಸಂಕೋಚನ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಾತ್ಯಕ್ಷಿಕೆ ಬೇಕಿಲ್ಲ.

ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಆಸರೆಯೂ ಇದೆ. ಅದು 'ವೀಕ್ಷಕ' ಎಂಬ ಪದ. ಈಕ್ಷಿಸುವವನು, ಅಂದರೆ ನೋಡುವವನು ಎಂದೇ ಅದರ ಧಾತ್ವರ್ಥ. ಕ್ರಿಕೆಟ್ ಪಂದ್ಯಕ್ಕೂ ವೀಕ್ಷಕರು, ದೂರದರ್ಶನಕ್ಕೂ ವೀಕ್ಷಕರು. ಸಾಪೇಕ್ಷ ಸಿದ್ಧಾಂತದ ವೀಕ್ಷಕ ಒಂದೆಡೆ ನಿಂತು ನೋಡುವ ವ್ಯಕ್ತಿಯಲ್ಲ. ಎಲ್ಲೆಡೆ ಗಡಿಯಾರ ಮತ್ತು ಅಳತೆಪಟ್ಟಿಗಳನ್ನು ಹೊಂದಿಸಿಟ್ಟುಕೊಂಡ ಒಂದು ವ್ಯವಸ್ಥೆ. ಊರಿನ ಮೋಜಣಿಗೆ ಬಂದ ಭೂಮಾಪಕ ದಿಬ್ಬದ ಮೇಲೆ ನಿಂತು ಹೊಲವನ್ನು ಕಣ್ಣಳತೆಯಲ್ಲಿ ಹೇಳುವುದಿಲ್ಲ. ಹೊಲದ ಮೂಲೆ ಮೂಲೆಗೆ ಜನರನ್ನು ನಿಲ್ಲಿಸಿ, ಸರಪಳಿ ಹಿಡಿಸಿ, ಬರೆದುಕೊಂಡು, ಆಮೇಲೆ ನಕ್ಷೆ ತಯಾರಿಸುತ್ತಾನೆ. ಸಾಪೇಕ್ಷ ಸಿದ್ಧಾಂತದ 'ವೀಕ್ಷಕ' ಈ ಭೂಮಾಪಕನಿಗೆ ಹತ್ತಿರದವನು, ಪ್ರೇಕ್ಷಕನಿಗಲ್ಲ.

4

ಮೂರನೆಯದು 'ಅಂತೆ'. ಸಂಕೋಚನ ಕಣ್ಣಿನ ವಿಷಯವಲ್ಲ, ವಸ್ತುವನ್ನು ಅದುಮಿದ ಫಲವೂ ಅಲ್ಲ ಎಂದಾದ ಮೇಲೆ, ಹಾಗಾದರೆ ಅದು ನಿಜವೇ ಎಂಬ ಪ್ರಶ್ನೆ ಏಳುವುದು ಸಹಜ. 1911ರಲ್ಲಿ ವ್ಲಾದಿಮೀರ್ ವಾರಿಚಾಕ್ ಎಂಬ ಗಣಿತಜ್ಞರು, ಲೊರೆಂಟ್ಸರ ಸಂಕೋಚನ ವಾಸ್ತವವಾದದ್ದು, ಐನ್‌ಸ್ಟೈನರದು ಗಡಿಯಾರ ಹೊಂದಿಸುವ ರೀತಿಯಿಂದ ಹುಟ್ಟಿದ ತೋರಿಕೆ ಎಂಬರ್ಥದ ಪ್ರಬಂಧವೊಂದನ್ನು ಬರೆದರು. ಐನ್‌ಸ್ಟೈನ್ ಅದೇ ವರ್ಷ ಉತ್ತರಿಸಿದರು. ಜೊತೆಯಲ್ಲಿ ಚಲಿಸುವವನಿಗೆ ಸಂಕೋಚನವಿಲ್ಲ. ಆ ಅರ್ಥದಲ್ಲಿ ಅದು ಇಲ್ಲ. ಜೊತೆಯಲ್ಲಿ ಚಲಿಸದವನು ಅದನ್ನು ಭೌತಿಕ ಸಾಧನಗಳಿಂದ ತೋರಿಸಿಕೊಡಬಲ್ಲ; ಆ ಅರ್ಥದಲ್ಲಿ ಅದು ಇದೆ. ನಿಜವೇ ಎಂದು ಕೇಳುವ ಮೊದಲು ಯಾವ ಅರ್ಥದಲ್ಲಿ ನಿಜ ಎಂದು ಕೇಳಬೇಕೆಂಬುದು ಅವರ ಉತ್ತರದ ತಿರುಳು.

ನಮ್ಮಲ್ಲಿ ಈ ಪ್ರಶ್ನೆಗೆ ಬೇರೊಂದು ಆಯಾಮ ಸೇರಿಕೊಳ್ಳುತ್ತದೆ. ಉದ್ದವೂ ಕಾಲವೂ ಸಾಪೇಕ್ಷವೆಂದರೆ ಎಲ್ಲವೂ ತೋರಿಕೆ, ಎಲ್ಲವೂ ಮಾಯೆ ಎಂದಾಯಿತಲ್ಲವೇ ಎಂಬ ತೀರ್ಮಾನಕ್ಕೆ ಬರುವವರುಂಟು. ವೇದಾಂತದ ಹಗ್ಗ–ಹಾವಿನ ದೃಷ್ಟಾಂತವನ್ನೇ ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ತೋರುತ್ತದೆ. ದೀಪ ತಂದಾಗ ಹಾವಿನ ಜ್ಞಾನ ಬಾಧಿತವಾಗುತ್ತದೆ, ಹಗ್ಗ ಉಳಿಯುತ್ತದೆ. ಭ್ರಮೆಯ ಲಕ್ಷಣವೇ ಇದು: ಉತ್ತಮ ಪ್ರಮಾಣದಿಂದ ಅದು ಅಳಿಯಬೇಕು. ನೆಲದವರ 8 ಮೀಟರ್ ಅಳತೆ ಯಾವ ದೀಪದಿಂದಲೂ ಅಳಿಯುವುದಿಲ್ಲ. ಗಡಿಯಾರ ಎಷ್ಟು ನಿಖರವಾದಷ್ಟೂ ಉತ್ತರ 8ಕ್ಕೆ ಹತ್ತಿರವಾಗುತ್ತದೆಯೇ ಹೊರತು 10ರ ಕಡೆಗೆ ಸರಿಯುವುದಿಲ್ಲ. ಮೇಲಾಗಿ ಇಲ್ಲಿ ಎಲ್ಲವೂ ಸಾಪೇಕ್ಷವಲ್ಲ. ಎರಡು ಘಟನೆಗಳ ನಡುವಣ ದೇಶಕಾಲ ಅಂತರ ಎಲ್ಲ ಚೌಕಟ್ಟುಗಳಿಗೂ ಒಂದೇ. ಗೆರೆಗಳ ಉದಾಹರಣೆಯಲ್ಲಿ ನೆಲದವರಿಗೆ ಘಟನೆಗಳ ದೂರ 8 ಮೀಟರ್, ಕಾಲದ ವ್ಯತ್ಯಾಸ ಸೊನ್ನೆ. ಕೋಲಿನವರಿಗೆ ದೂರ 10 ಮೀಟರ್, ಕಾಲದ ವ್ಯತ್ಯಾಸದಲ್ಲಿ ಬೆಳಕು ಸಾಗುವ ದೂರ 6 ಮೀಟರ್. 10ರ ವರ್ಗದಿಂದ 6ರ ವರ್ಗವನ್ನು ಕಳೆದರೆ 64. ಅದು 8ರ ವರ್ಗ. ಇಬ್ಬರ ಲೆಕ್ಕವೂ ಒಂದೇ ಕಡೆ ಸೇರುತ್ತದೆ. ಮಾಯೆಯ ಹೋಲಿಕೆ ತರುವವರು ಈ ಅವ್ಯಯ ರಾಶಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇದರಿಂದ ವೇದಾಂತಕ್ಕೂ ನ್ಯಾಯ ಸಲ್ಲುವುದಿಲ್ಲ, ಭೌತವಿಜ್ಞಾನಕ್ಕೂ ಸಲ್ಲುವುದಿಲ್ಲ.

ಸಂಕೋಚನಕ್ಕೆ ಭೌತಿಕ ಫಲಗಳಿವೆ ಎಂಬುದಕ್ಕೆ ಮ್ಯೂಆನ್ ಕಣಗಳ ಸಾಕ್ಷ್ಯ ಪ್ರಸಿದ್ಧವಾದದ್ದು. ವೇಗವಾಗಿ ಸಾಗುವ ಅಲ್ಪಾಯುಷಿ ಕಣ ಹೆಚ್ಚು ಕಾಲ ಬಾಳುವುದರಿಂದ ಸಾಪೇಕ್ಷ ಸಿದ್ಧಾಂತದ ನೇರ ಪರೀಕ್ಷೆ ಸಾಧ್ಯವೆಂದು 1938ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅವರು ವಿಶ್ವಕಿರಣ ಸಂಶೋಧನೆಗೆ ತೊಡಗಿದ್ದು ತಿಳಿದ ಸಂಗತಿ. 1963ರಲ್ಲಿ ಫ್ರಿಶ್ ಮತ್ತು ಸ್ಮಿತ್ ಅಮೆರಿಕದ ಮೌಂಟ್ ವಾಷಿಂಗ್ಟನ್ ಮೇಲೆ, ಸುಮಾರು 1,900 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 563 ಮ್ಯೂಆನ್‌ಗಳನ್ನು ಎಣಿಸಿದರು. ಸಮುದ್ರಮಟ್ಟದಲ್ಲಿ 412 ದೊರೆತವು. ನಿಶ್ಚಲ ಮ್ಯೂಆನ್ನಿನ ಸರಾಸರಿ ಆಯುಷ್ಯ 2.2 ಮೈಕ್ರೋಸೆಕೆಂಡು. 1,900 ಮೀಟರ್ ಇಳಿಯಲು 6 ಮೈಕ್ರೋಸೆಕೆಂಡಿಗಿಂತ ಹೆಚ್ಚು ಬೇಕು. ಸಾಪೇಕ್ಷ ಸಿದ್ಧಾಂತ ಇಲ್ಲದಿದ್ದರೆ ಕೆಳಗೆ ಮೂವತ್ತು ಉಳಿಯುವುದೂ ಕಷ್ಟವಿತ್ತು. ಬೆಟ್ಟದವರು ಇದನ್ನು ಕಾಲದ ಹಿಗ್ಗುವಿಕೆ ಎನ್ನುತ್ತಾರೆ. ಮ್ಯೂಆನ್ನಿನ ಚೌಕಟ್ಟಿನಲ್ಲಿ ಅದರ ಆಯುಷ್ಯ ಹಿಗ್ಗಿಲ್ಲ. ಬೆಟ್ಟವೇ 220 ಮೀಟರಿಗಿಂತ ಕಡಿಮೆ. ಅದು 0.7 ಮೈಕ್ರೋಸೆಕೆಂಡಿನಲ್ಲಿ ದಾಟಿಹೋಗುತ್ತದೆ. ನಾಲ್ಕರಲ್ಲಿ ಸುಮಾರು ಮೂರು ಪಾಲು ಕಣಗಳು ಉಳಿಯುತ್ತವೆ. ಎಣಿಕೆ ಎರಡೂ ಕಡೆ ಒಂದೇ. ಸಂಕೋಚನವನ್ನು ಕೇವಲ ತೋರಿಕೆ ಎನ್ನುವವರು ಸಮುದ್ರಮಟ್ಟಕ್ಕೆ ಬಂದ 412 ಕಣಗಳಿಗೆ ಮ್ಯೂಆನ್ನಿನ ಚೌಕಟ್ಟಿನಲ್ಲಿ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಯಂತ್ರಗಳಲ್ಲಿಯೂ ಇದು ನಿತ್ಯದ ಸಂಗತಿ. ಬ್ರೂಕ್‌ಹೇವನ್ನಿನಲ್ಲಿ 2000ದಲ್ಲಿ ಕೆಲಸ ಆರಂಭಿಸಿದ ಭಾರ ಅಯಾನು ಘರ್ಷಕದಲ್ಲಿ ಗರಿಷ್ಠ ಶಕ್ತಿಯ ಚಿನ್ನದ ಬೀಜಕಣಗಳು, ಪ್ರಯೋಗಾಲಯದ ಅಳತೆಗೆ, ತಮ್ಮ ವ್ಯಾಸದ ನೂರರಲ್ಲೊಂದು ಪಾಲಿಗಿಂತ ತೆಳುವಾದ ಬಿಲ್ಲೆಗಳಾಗಿ ಡಿಕ್ಕಿ ಹೊಡೆದವು. ಘರ್ಷಣೆಯ ಲೆಕ್ಕವನ್ನು ಬಿಲ್ಲೆಗಳೆಂದು ಭಾವಿಸಿಯೇ ಮಾಡಲಾಗುತ್ತದೆ. ಇಂದೋರಿನ ರಾಜಾ ರಾಮಣ್ಣ ಕೇಂದ್ರದ ಇಂಡಸ್–2 ಯಂತ್ರದಲ್ಲಿರುವಂತೆ 2.5 ಶತಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನಿಗೆ ಸಂಕೋಚನದ ಅಂಶ ಸುಮಾರು 4,900. ಅಂಥ ಎಲೆಕ್ಟ್ರಾನ್ 5 ಸೆಂಟಿಮೀಟರಿಗೊಮ್ಮೆ ಧ್ರುವ ಮರುಕಳಿಸುವ ಆಯಸ್ಕಾಂತಗಳ ಸಾಲಿನ ನಡುವೆ ಹಾಯ್ದರೆ, ಅದರ ಚೌಕಟ್ಟಿನಲ್ಲಿ ಆ 5 ಸೆಂಟಿಮೀಟರ್ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಾಗುತ್ತದೆ. ಮುಂದೆ ಡಾಪ್ಲರ್ ಪರಿಣಾಮವೂ ಸೇರಿ, ಆಯಸ್ಕಾಂತದ ಬಲಕ್ಕೆ ತಕ್ಕ ತಿದ್ದುಪಡಿಯನ್ನು ಬಿಟ್ಟರೆ, ಹೊರಬರುವ ಕಿರಣದ ತರಂಗಾಂತರ ಸುಮಾರು ಒಂದು ನ್ಯಾನೋಮೀಟರಿಗೆ ಇಳಿಯುತ್ತದೆ. ಸೆಂಟಿಮೀಟರ್ ಗಾತ್ರದ ಆಯಸ್ಕಾಂತಗಳಿಂದ ಕ್ಷ–ಕಿರಣ ಹುಟ್ಟುವ ಗುಟ್ಟು ಇದು.

ಇಲ್ಲಿ ವಿರುದ್ಧ ದಿಕ್ಕಿನ ಎಚ್ಚರವೂ ಅಗತ್ಯ. 'ಕುಗ್ಗು' ಬೇಡವೆಂದು ಹೇಳಿ, ಇದು ಬರಿಯ ದೃಷ್ಟಿಕೋನದ ವ್ಯತ್ಯಾಸ ಎಂದು ಕೈತೊಳೆದುಕೊಂಡರೆ ಸಾಲದು. 1959ರಲ್ಲಿ ಡಿವನ್ ಮತ್ತು ಬೆರನ್ ಎತ್ತಿದ, 1976ರಲ್ಲಿ ಜಾನ್ ಬೆಲ್ ಪ್ರಸಿದ್ಧಿಗೆ ತಂದ ಸಮಸ್ಯೆಯನ್ನು ನೆನೆಯಬೇಕು. ಎರಡು ರಾಕೆಟ್ಟುಗಳು ನೆಲದವರ ಪ್ರಕಾರ ಒಂದೇ ಕ್ಷಣದಲ್ಲಿ ಹೊರಟು ಒಂದೇ ರೀತಿ ವೇಗ ಹೆಚ್ಚಿಸಿಕೊಳ್ಳುತ್ತವೆ. ಅವುಗಳ ನಡುವೆ ಬಿಗಿಯಾಗಿ ಕಟ್ಟಿದ ನೂಲು ತುಂಡಾಗುವುದೇ? ಯುರೋಪಿನ ಪರಮಾಣು ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಭೌತವಿಜ್ಞಾನಿಗಳನ್ನು ಕೇಳಿದಾಗ ಬಹುಮತ ತುಂಡಾಗದೆಂಬ ಕಡೆಗಿತ್ತೆಂದು ಬೆಲ್ ದಾಖಲಿಸಿದ್ದಾರೆ. ನೂಲು ತುಂಡಾಗುತ್ತದೆ. ರಾಕೆಟ್ಟುಗಳ ನಡುವಣ ಅಂತರ ನೆಲದವರ ಅಳತೆಗೆ ಬದಲಾಗದೆ ಉಳಿಯುತ್ತದೆ. ಆದರೆ ಹೆಚ್ಚುತ್ತಿರುವ ವೇಗದಲ್ಲಿ ಎಳೆತವಿಲ್ಲದ ನೂಲಿನ ಸಹಜ ಅಳತೆ ಅದಕ್ಕಿಂತ ಕಡಿಮೆ. ಅಂತರವನ್ನು ತುಂಬಿ ನಿಲ್ಲಬೇಕಾದರೆ ನೂಲು ಎಳೆತಕ್ಕೆ ಒಳಗಾಗಲೇಬೇಕು. ರಾಕೆಟ್ಟಿನವರೂ ನೂಲು ತುಂಡಾದದ್ದನ್ನು ಒಪ್ಪುತ್ತಾರೆ. ಮುಂದಿನ ರಾಕೆಟ್ಟು ಮೊದಲು ವೇಗ ಪಡೆದು ದೂರ ಸರಿಯಿತು ಎಂಬುದು ಅವರು ಕೊಡುವ ಕಾರಣ. ಸಮವೇಗದ ಕೋಲಿನಲ್ಲಿ ಯಾವ ಬಲದ ಪ್ರಸ್ತಾಪವೂ ಬೇಕಿರಲಿಲ್ಲ. ವೇಗ ಬದಲಾಗುವ ನೂಲಿನಲ್ಲಿ ಬಲಗಳು ಕಥೆಯೊಳಗೆ ಬರುತ್ತವೆ. ವಿದ್ಯಾರ್ಥಿಗಳಿಗೆ ಲೊರೆಂಟ್ಸರ ದಾರಿಯನ್ನೂ ಕಲಿಸಬೇಕೆಂದು ಬೆಲ್ ವಾದಿಸಿದ್ದು ಈ ಹಿನ್ನೆಲೆಯಲ್ಲಿ. ಸಂಕೋಚನಕ್ಕೆ ದೇಶಕಾಲದ ಜ್ಯಾಮಿತಿಯೇ ಕಾರಣವೇ, ಅಥವಾ ವಸ್ತುವನ್ನು ಕಟ್ಟಿದ ಬಲಗಳ ನಿಯಮಗಳು ಹಾಗಿರುವುದರಿಂದಲೇ ನಮಗೆ ಆ ಜ್ಯಾಮಿತಿ ದೊರೆಯುತ್ತದೆಯೇ ಎಂಬ ಚರ್ಚೆ 2005ರಲ್ಲಿ ಪ್ರಕಟವಾದ ಹಾರ್ವಿ ಬ್ರೌನ್ ಅವರ ಗ್ರಂಥದಿಂದ ಮತ್ತೆ ಚುರುಕಾಗಿದೆ. ಲೆಕ್ಕದ ಉತ್ತರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾರಣವೆಂದು ಯಾವುದನ್ನು ಕರೆಯಬೇಕೆಂಬುದರಲ್ಲಿದೆ.

5

ಹಾಗಾದರೆ ಕನ್ನಡದಲ್ಲಿ ಏನು ಹೇಳಬೇಕು? ನಮ್ಮ ಭಾಷೆಯಲ್ಲೇ ಅದಕ್ಕೊಂದು ಸಲೀಸಾದ ದಾರಿಯಿದೆ ಎಂಬುದು ಈ ಲೇಖನದ ನಿಲುವು. ಕನ್ನಡದ ಚತುರ್ಥೀ ವಿಭಕ್ತಿ ಸಂಬಂಧವನ್ನು ಭ್ರಮೆಯ ಸೋಂಕಿಲ್ಲದೆ ಹೇಳಬಲ್ಲದು. ಬೆಂಗಳೂರಿಗೆ ಮೈಸೂರು ನೈರುತ್ಯ, ಮಡಿಕೇರಿಗೆ ಪೂರ್ವ ಎಂದಾಗ ಮೈಸೂರು ನೈರುತ್ಯದಲ್ಲಿದ್ದಂತೆ ಕಾಣುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ಎರಡೂ ಹೇಳಿಕೆಗಳು ನಿಜ, ಎರಡೂ ಸಾಪೇಕ್ಷ. ಹಾಗೆಯೇ, ಕೋಲಿನ ಉದ್ದ ಅದರ ಸ್ವಂತ ಚೌಕಟ್ಟಿಗೆ 10 ಮೀಟರ್, ನೆಲದ ಚೌಕಟ್ಟಿಗೆ 8 ಮೀಟರ್ ಎನ್ನಬಹುದು. ಕ್ರಿಯಾಪದ ಬೇಕೆಂದರೆ 'ಅಳತೆಗೆ ಬರುತ್ತದೆ' ಎಂಬುದಿದೆ. 'ಕಾಣುತ್ತದೆ' ಎಂಬುದನ್ನು ಬೆಳಕಿನ ಪ್ರಯಾಣಕಾಲವನ್ನೂ ಸೇರಿಸಿ ಲೆಕ್ಕ ಹಾಕಿದ ಸಂದರ್ಭಕ್ಕೆ ಮೀಸಲಿಡಬಹುದು. 'ಸಂಕೋಚನ' ಎಂಬ ಪಾರಿಭಾಷಿಕ ಪದ ರೂಢಿಯಲ್ಲಿ ಬೇರೂರಿದೆ, ಅದನ್ನು ಕೀಳುವ ಅಗತ್ಯವಿಲ್ಲ. ಅದು ವಸ್ತುವಿನ ಮೇಲೆ ನಡೆದ ಕ್ರಿಯೆಯ ಹೆಸರಲ್ಲ, ಎರಡು ಅಳತೆಗಳ ನಡುವಣ ಸಂಬಂಧದ ಹೆಸರು ಎಂದು ಮೊದಲ ಬಳಕೆಯಲ್ಲೇ ಹೇಳಿದರೆ ಸಾಕು. 'ವೀಕ್ಷಕ' ಪದವನ್ನು ಬಿಡಲಾಗದಿದ್ದರೆ, ಅವನ ಕೈಗೆ ದುರ್ಬೀನಿನ ಬದಲು ಗಡಿಯಾರ ಮತ್ತು ಅಳತೆಪಟ್ಟಿಗಳನ್ನು ಕೊಡಬೇಕು.

ಐನ್‌ಸ್ಟೈನ್ ಮತ್ತು ಮಿಂಕೋವ್ಸ್ಕಿ ಅವರ ಸಾಪೇಕ್ಷ ಸಿದ್ಧಾಂತದ ಪ್ರಬಂಧಗಳನ್ನು ಮೇಘನಾದ ಸಹಾ ಮತ್ತು ಸತ್ಯೇಂದ್ರನಾಥ ಬೋಸ್ ಜರ್ಮನ್ನಿನಿಂದ ನೇರವಾಗಿ ಇಂಗ್ಲಿಷಿಗೆ ತಂದ ಸಂಪುಟ 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಹೊರಬಂದಿತು. ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ. ಅವರು ಪ್ರಚಲಿತ ಸಾರಾಂಶಗಳನ್ನು ಅನುವಾದಿಸಲಿಲ್ಲ, ಮೂಲಕ್ಕೆ ಹೋದರು ಎಂಬುದು ಗಮನಾರ್ಹ. 1905ರ ಪ್ರಬಂಧದ ಎರಡನೆಯ ವಿಭಾಗ ಕೆಲವೇ ಪುಟಗಳಷ್ಟಿದೆ; ಅದರಲ್ಲಿ ಕಠಿಣವಾದ ಗಣಿತವೂ ಇಲ್ಲ. ಚಪ್ಪಟೆ ಸವಾರನ ಚಿತ್ರವನ್ನು ಮತ್ತೆ ಬರೆಯುವ ಮೊದಲು ಆ ಪುಟಗಳನ್ನು ಕನ್ನಡದ ಲೇಖಕ ಒಮ್ಮೆ ಓದಿದರೆ, ಕೋಲಿನ ಎರಡು ತುದಿಗಳನ್ನು 'ಒಟ್ಟಿಗೆ' ಗುರುತಿಸುವುದೆಂದರೇನು ಎಂಬ ಪ್ರಶ್ನೆ ಅವನಿಗೆ ಎದುರಾಗುತ್ತದೆ. ಆ ಪ್ರಶ್ನೆಯನ್ನು ಓದುಗನಿಗೂ ದಾಟಿಸಬಲ್ಲ ಗದ್ಯ ಸಿದ್ಧವಾದರೆ ಉದ್ದದ ಸಂಕೋಚನ ಬೆರಗಿನ ವಸ್ತುವಾಗಿ ಉಳಿಯದೆ ತಿಳಿವಿನ ವಸ್ತುವಾಗುತ್ತದೆ.